ಹನಿ, ಗುಳ್ಳೆ, ಮೇಲ್ಮೈ ಎಳೆತ: ಸಿಮ್ಯುಲೇಶನ್‌ಗೆ ಯಾವ ವಿಧಾನ ಆರಿಸಿಕೊಳ್ಳಬೇಕು?

ಗುರುತ್ವ ಇಲ್ಲ, ಗಾಳಿ ಬೀಸುತ್ತಿಲ್ಲ, ಯಾರೂ ಅಲ್ಲಾಡಿಸುತ್ತಿಲ್ಲ. ದುಂಡನೆಯ ಒಂದು ನೀರಿನ ಹನಿ ಸುಮ್ಮನೆ ನಿಂತಿದೆ. ಅದರೊಳಗಿನ ನೀರಿನ ವೇಗ ಎಷ್ಟು ಎಂದು ಯಾರನ್ನು ಕೇಳಿದರೂ ಸೊನ್ನೆ ಅನ್ನುತ್ತಾರೆ. ಸಿಮ್ಯುಲೇಶನ್ ಕೋಡ್ ಮಾತ್ರ ಹಾಗೆನ್ನುವುದಿಲ್ಲ. ಹನಿಯ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಸುಳಿಗಳು ಏಳುತ್ತವೆ, ಎಷ್ಟು ಹೊತ್ತು ಕಾದರೂ ಆರುವುದಿಲ್ಲ. ಲ್ಯಾಬ್‌ಗಳಲ್ಲಿ ಸ್ಪ್ಯೂರಿಯಸ್ ಕರೆಂಟ್ ಎಂದು ಕರೆಯುವ ಈ ಹುಸಿ ಹರಿವು ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಅಂದಾಜು ಇದೆ. ಮೇಲ್ಮೈ ಎಳೆತವನ್ನು ಸ್ನಿಗ್ಧತೆಯಿಂದ ಭಾಗಿಸಿದರೆ ಒಂದು ವೇಗ ಸಿಗುತ್ತದೆ. ಹುಸಿ ಹರಿವು ಅದರ ಇಂತಿಷ್ಟು ಪಾಲು ಇರುತ್ತದೆ. 1994ರಲ್ಲಿ ಲಫೋರಿ, ಜಲೆಸ್ಕಿ ಮತ್ತು ಸಂಗಡಿಗರು ತಮ್ಮ ಕೋಡ್‌ನಲ್ಲಿ ಈ ಪಾಲು ನೂರರಲ್ಲಿ ಒಂದರಷ್ಟು ಎಂದು ವರದಿ ಮಾಡಿದ್ದರು.

ಕೇಳಲು ಕಡಿಮೆಯೇ ಅನ್ನಿಸುತ್ತದೆ. ನೀರಿಗೆ ಲೆಕ್ಕ ಹಾಕಿ ನೋಡಿ. ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್, ಸ್ನಿಗ್ಧತೆ 0.001 ಪ್ಯಾಸ್ಕಲ್-ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 72 ಮೀಟರ್. ಅದರ ನೂರರಲ್ಲೊಂದು ಪಾಲು ಸೆಕೆಂಡಿಗೆ 0.7 ಮೀಟರ್. ನೀವು ಲೆಕ್ಕ ಮಾಡಹೊರಟಿರುವುದು ಸೂಕ್ಷ್ಮನಾಳವೊಂದರಲ್ಲಿ ಸೆಕೆಂಡಿಗೆ 10 ಮಿಲಿಮೀಟರ್ ಚಲಿಸುವ ಹನಿಯಾದರೆ, ಸುಳ್ಳು ನಿಜಕ್ಕಿಂತ 70 ಪಟ್ಟು ದೊಡ್ಡದು. ಅದೇ ಗ್ಲಿಸರಿನ್ ಆಗಿದ್ದರೆ? ಸ್ನಿಗ್ಧತೆ ಸುಮಾರು 1.4, ಮೇಲ್ಮೈ ಎಳೆತ 0.063, ಹುಸಿ ಹರಿವು ಸೆಕೆಂಡಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅದೇ ಕೋಡ್, ಅದೇ ಮೆಶ್ (ಜಾಗವನ್ನು ಪುಟ್ಟ ಪುಟ್ಟ ಸೆಲ್‌ಗಳಾಗಿ ಒಡೆದ ಜಾಲ). ಒಂದು ದ್ರವಕ್ಕೆ ನಂಬಬಹುದಾದ ಉತ್ತರ, ಇನ್ನೊಂದಕ್ಕೆ ಕಸ.

ಎರಡು ದ್ರವಗಳ ನಡುವಿನ ಇಂಟರ್‌ಫೇಸನ್ನು, ಅಂದರೆ ಗಡಿಯನ್ನು, ಸಿಮ್ಯುಲೇಟ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ "ವಿಒಎಫ್ ಒಳ್ಳೆಯದೋ, ಲೆವೆಲ್ ಸೆಟ್ ಒಳ್ಳೆಯದೋ?" ಎಂದು. ಎರಡೂ ಇಂಟರ್‌ಫೇಸ್ ಎಲ್ಲಿದೆ ಎಂದು ಗುರುತಿಡುವ ವಿಧಾನಗಳು, ವಿವರ ಮುಂದೆ ಬರುತ್ತದೆ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಆ ಕೋಡ್ ವಕ್ರತೆಯನ್ನು ಹೇಗೆ ಲೆಕ್ಕ ಹಾಕುತ್ತದೆ, ಮೇಲ್ಮೈ ಎಳೆತದ ಬಲವನ್ನು ಒತ್ತಡದ ಎದುರು ಹೇಗೆ ತೂಗುತ್ತದೆ ಎಂಬುದು ಮೊದಲನೆಯದು. ಒಂದೇ ಹೆಸರಿನ ಎರಡು ಕೋಡ್‌ಗಳ ನಡುವಿನ ಅಂತರ, ಬೇರೆ ಬೇರೆ ಹೆಸರಿನ ಎರಡು ಕೋಡ್‌ಗಳ ನಡುವಿನ ಅಂತರಕ್ಕಿಂತ ಎಷ್ಟೋ ಸಲ ದೊಡ್ಡದಾಗಿರುತ್ತದೆ.

ಮೊದಲು: ಇದು ನಿಮಗೆ ಬೇಕೇ?

ಗುರುತ್ವವೂ ಮೇಲ್ಮೈ ಎಳೆತವೂ ಸರಿಸಮವಾಗುವ ಅಳತೆಗೆ ಕ್ಯಾಪಿಲರಿ ಉದ್ದ ಎನ್ನುತ್ತಾರೆ. ನೀರು-ಗಾಳಿಗೆ ಅದು 2.7 ಮಿಲಿಮೀಟರ್. ನಿಮ್ಮ ಸಮಸ್ಯೆಯ ಅಳತೆ ಇದಕ್ಕಿಂತ ಬಹಳ ದೊಡ್ಡದಾದರೆ ಗುರುತ್ವದ್ದೇ ಕಾರುಬಾರು. ಒಂದು ಮೀಟರ್ ಅಗಲದ ಟ್ಯಾಂಕಿನಲ್ಲಿ ನೀರು ತುಳುಕುವುದನ್ನು ನೋಡುವುದಾದರೆ ಬಾಂಡ್ ಸಂಖ್ಯೆ (ಮೇಲ್ಮೈ ಎಳೆತಕ್ಕೆ ಹೋಲಿಸಿದರೆ ಗುರುತ್ವ ಎಷ್ಟು ಪಟ್ಟು ಎಂಬುದು) ಒಂದು ಲಕ್ಷ ದಾಟುತ್ತದೆ. ಅಲ್ಲಿ ಮೇಲ್ಮೈ ಎಳೆತವನ್ನು ಆಫ್ ಮಾಡಿ ಲೆಕ್ಕ ನಡೆಸಿದರೆ ಏನೂ ಹೋಗುವುದಿಲ್ಲ, ಸಮಯ ಉಳಿಯುತ್ತದೆ. ಅಣೆಕಟ್ಟಿನ ಕೋಡಿಯಲ್ಲಿ ಬೀಳುವ ನೀರಿಗೂ ಇದೇ ಮಾತು. ಅಲ್ಲಿ ಏಳುವ ತುಂತುರಿನ ಗಾತ್ರವೇ ಬೇಕೆಂದಾದರೆ ಕಥೆ ಬೇರೆ.

ಚಲನೆಯೇ ಬೇಡ, ನಿಂತ ಆಕಾರ ಮಾತ್ರ ಸಾಕು ಅನ್ನುವವರೂ ಇದ್ದಾರೆ. ಎರಡು ತಟ್ಟೆಗಳ ನಡುವಿನ ದ್ರವಸೇತುವೆ, ಬೆಸುಗೆಯ ಗುಂಡು, ಕಕ್ಷೆಯಲ್ಲಿರುವ ಉಪಗ್ರಹದ ಇಂಧನ ಟ್ಯಾಂಕಿನಲ್ಲಿ ಇಂಧನ ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ. ಇವುಗಳಿಗೆ ದ್ರವದ ಚಲನೆಯ ನೇವಿಯರ್-ಸ್ಟೋಕ್ಸ್ ಸಮೀಕರಣ ಬಿಡಿಸುವುದು ದಂಡ. ಕೆನ್ ಬ್ರ್ಯಾಕಿ ಬರೆದ ಸರ್ಫೇಸ್ ಇವಾಲ್ವರ್ ಎಂಬ ಉಚಿತ ಪ್ರೋಗ್ರಾಂ ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆದು, ಶಕ್ತಿ ಅತಿ ಕಡಿಮೆಯಾಗುವ ಆಕಾರವನ್ನು ಹುಡುಕಿಕೊಡುತ್ತದೆ. ಕೆಲ್ವಿನ್ ಒಂದು ಶತಮಾನದ ಹಿಂದೆ ಊಹಿಸಿದ್ದ ನೊರೆಯ ರಚನೆಗಿಂತ ಕಡಿಮೆ ಮೇಲ್ಮೈಯುಳ್ಳ ರಚನೆಯನ್ನು ವಿಯರ್ ಮತ್ತು ಫೆಲನ್ 1993ರಲ್ಲಿ ಕಂಡುಕೊಂಡದ್ದು ಇದೇ ಪ್ರೋಗ್ರಾಂ ಬಳಸಿ. ಹಾಗೆಯೇ, ಜಡತ್ವ ಲೆಕ್ಕಕ್ಕೇ ಬಾರದಷ್ಟು ನಿಧಾನದ, ದಪ್ಪ ದ್ರವದ ಹರಿವಾದರೆ ಬೌಂಡರಿ ಇಂಟೆಗ್ರಲ್ ವಿಧಾನ ನೋಡಿ. ಅದಕ್ಕೆ ಮೆಶ್ ಬೇಕಾಗುವುದು ಮೇಲ್ಮೈಯ ಮೇಲೆ ಮಾತ್ರ.

ಇವೆಲ್ಲ ಅಲ್ಲ, ಹನಿ ಒಡೆಯುತ್ತದೆ, ಗುಳ್ಳೆ ಏಳುತ್ತದೆ, ಅಲೆ ಮುರಿಯುತ್ತದೆ ಅನ್ನುವವರು ಮುಂದೆ ಓದಿ.

ವಿಒಎಫ್: ದ್ರವ್ಯರಾಶಿ ಉಳಿಸುವವನು

ಹರ್ಟ್ ಮತ್ತು ನಿಕೋಲ್ಸ್ 1981ರಲ್ಲಿ ಪ್ರಕಟಿಸಿದ ವಾಲ್ಯೂಮ್ ಆಫ್ ಫ್ಲೂಯಿಡ್ ವಿಧಾನದ ಎಣಿಕೆ ಸರಳ: ಮೆಶ್‌ನ ಪ್ರತಿ ಸೆಲ್‌ನಲ್ಲಿ ದ್ರವದ ಪಾಲು ಎಷ್ಟು ಎಂಬ ಒಂದು ಅಂಕಿ. ಪೂರ್ತಿ ನೀರಾದರೆ 1, ಪೂರ್ತಿ ಗಾಳಿಯಾದರೆ 0, ನಡುವಿನದಾದರೆ ಇಂಟರ್‌ಫೇಸ್ ಅಲ್ಲಿದೆ ಎಂದರ್ಥ. ಒಂದು ಸೆಲ್‌ನಿಂದ ಹೊರಟದ್ದು ಪಕ್ಕದ ಸೆಲ್‌ಗೆ ಜಮೆಯಾಗುವುದರಿಂದ ದ್ರವ ಎಲ್ಲೂ ಸೋರುವುದಿಲ್ಲ. ಹನಿ ಎರಡಾದರೂ, ಎರಡು ಗುಳ್ಳೆ ಒಂದಾದರೂ ಪ್ರೋಗ್ರಾಮರ್ ಏನೂ ಮಾಡಬೇಕಿಲ್ಲ. ಇಂದು ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ, ಅದಕ್ಕೆ ಕಾರಣವೂ ಇದೇ.

ಆದರೆ ವಿಒಎಫ್ ಅಂದರೆ ಒಂದಲ್ಲ, ಎರಡು. ಒಂದು ಬೀಜಗಣಿತದ ದಾರಿ. ಓಪನ್‌ಫೋಮ್ ಎಂಬ ಉಚಿತ ಸಾಫ್ಟ್‌ವೇರಿನ ಇಂಟರ್‌ಫೋಮ್ ಎಂಬ ಪ್ರೋಗ್ರಾಂ ಇಲ್ಲಿದೆ: ಪಾಲಿನ ಅಂಕಿಯನ್ನು ಸಾಗಿಸುವಾಗ ಇಂಟರ್‌ಫೇಸ್ ಮಸುಕಾಗದಂತೆ ಒಂದು ಕೃತಕ ಒತ್ತುವಿಕೆ ಸೇರಿಸುತ್ತದೆ. ಯಾವ ಆಕಾರದ ಮೆಶ್ ಕೊಟ್ಟರೂ ಓಡುತ್ತದೆ, ಓಡುವುದೂ ಬೇಗ. ಇಂಟರ್‌ಫೇಸ್ ಮಾತ್ರ ಮೂರು-ನಾಲ್ಕು ಸೆಲ್‌ಗಳಷ್ಟು ಹರಡಿಕೊಳ್ಳುತ್ತದೆ. ಇನ್ನೊಂದು ರೇಖಾಗಣಿತದ ದಾರಿ: ಪ್ರತಿ ಸೆಲ್‌ನೊಳಗೆ ಇಂಟರ್‌ಫೇಸನ್ನು ಒಂದು ಸಮತಲ ತುಂಡಾಗಿ ಕಟ್ಟಿ, ಆ ತುಂಡು ಎಷ್ಟು ದ್ರವವನ್ನು ಆಚೆ ದಾಟಿಸುತ್ತದೆ ಎಂದು ಅಳೆಯುವುದು. ಯಂಗ್ಸ್ 1982ರಲ್ಲಿ ತೋರಿಸಿದ ಈ ದಾರಿಗೆ ಪ್ಲಿಕ್ ಎಂಬ ಹೆಸರು ಅಂಟಿಕೊಂಡಿದೆ. ಫ್ಲೂಯೆಂಟ್ ಎಂಬ ವಾಣಿಜ್ಯ ಸಾಫ್ಟ್‌ವೇರಿನಲ್ಲಿ ಜಿಯೋ-ರೀಕನ್‌ಸ್ಟ್ರಕ್ಟ್ ಎಂಬ ಆಯ್ಕೆ ಇದೇ. ಗೆರಿಸ್ ಮತ್ತು ಅದರ ಉತ್ತರಾಧಿಕಾರಿ ಬೆಸಿಲಿಸ್ಕ್ ಎಂಬ ಉಚಿತ ಕೋಡ್‌ಗಳು ಕೂಡ ಇದೇ ಸಾಲಿನವು. ಓಪನ್‌ಫೋಮ್ ಬಿಡಲಾರೆ ಅನ್ನುವವರಿಗೆ 2016ರಲ್ಲಿ ರೋನ್‌ಬಿ, ಬ್ರೆಡ್‌ಮೋಸ್, ಜಸಕ್ ಪ್ರಕಟಿಸಿದ ಐಸೋಅಡ್ವೆಕ್ಟರ್ ಇದೆ. ಇಂಟರ್‌ಐಸೋಫೋಮ್ ಹೆಸರಿನಲ್ಲಿ ಸಿಗುತ್ತದೆ, ಇಂಟರ್‌ಫೇಸ್ ಒಂದೇ ಸೆಲ್‌ನಷ್ಟು ಚೂಪಾಗಿ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಇಂಟರ್‌ಫೇಸ್ ಚೂಪಾಯಿತೆಂದರೆ ಮೇಲ್ಮೈ ಎಳೆತ ಸರಿಹೋಯಿತು ಎಂದಲ್ಲ. ಸೊನ್ನೆಯಿಂದ ಒಂದಕ್ಕೆ ಜಿಗಿಯುವ ಅಂಕಿಯಿಂದ ವಕ್ರತೆ ತೆಗೆಯಬೇಕೆಂದರೆ ಎರಡು ಸಲ ವ್ಯುತ್ಪನ್ನ ಮಾಡಬೇಕು. ಜಿಗಿತ ಚೂಪಾದಷ್ಟೂ ಆ ಲೆಕ್ಕ ಹದಗೆಡುತ್ತದೆ. ರಾಶಿಯ ವಿಷಯದಲ್ಲಿ ವಿಒಎಫ್‌ನದು ಎಷ್ಟು ಗಟ್ಟಿ ಕೈಯೋ, ವಕ್ರತೆಯ ವಿಷಯದಲ್ಲಿ ಅಷ್ಟೇ ಕಚ್ಚಾ ಕೈ.

ಲೆವೆಲ್ ಸೆಟ್: ನುಣುಪಾದದ್ದು, ಆದರೆ ಸೋರುತ್ತದೆ

ಓಶರ್ ಮತ್ತು ಸೇಥಿಯನ್ ಅವರ 1988ರ ಕಲ್ಪನೆಯಲ್ಲಿ ಪ್ರತಿ ಸೆಲ್ ಒಂದು ಮೈಲಿಗಲ್ಲು: ಇಲ್ಲಿಂದ ಇಂಟರ್‌ಫೇಸ್ ಎಷ್ಟು ದೂರ ಎಂದು ಹೇಳುತ್ತದೆ, ಒಳಗಿದ್ದರೆ ಧನ, ಹೊರಗಿದ್ದರೆ ಋಣ. ದೂರ ಎಂಬುದು ನುಣುಪಾಗಿ ಬದಲಾಗುವ ಸಂಗತಿಯಾದ್ದರಿಂದ ವಕ್ರತೆ ಲೀಲಾಜಾಲವಾಗಿ ಸಿಗುತ್ತದೆ. ಸಸ್ಮನ್, ಸ್ಮೆರೆಕಾ, ಓಶರ್ 1994ರಲ್ಲಿ ಇದನ್ನು ಎರಡು ದ್ರವಗಳ ಹರಿವಿಗೆ ತಂದರು. ಕೋಡ್ ಬರೆಯುವುದೂ ಸುಲಭ, ಎಂ.ಟೆಕ್ ವಿದ್ಯಾರ್ಥಿ ತಾನೇ ಬರೆದು ಕಲಿಯಬೇಕೆಂದರೆ ನಾನು ಲೆವೆಲ್ ಸೆಟ್‌ನಿಂದಲೇ ಶುರು ಮಾಡಲು ಹೇಳುತ್ತೇನೆ.

ತೊಂದರೆ ಏನೆಂದರೆ ಹರಿವು ಮೈಲಿಗಲ್ಲುಗಳನ್ನು ಎಳೆದಾಡಿದಾಗ ಅವು ದೂರ ಹೇಳುವುದನ್ನು ನಿಲ್ಲಿಸುತ್ತವೆ. ಆಗಾಗ ಮರುಹೊಂದಿಸಬೇಕು. ಪ್ರತಿ ಮರುಹೊಂದಿಕೆಯಲ್ಲೂ ಇಂಟರ್‌ಫೇಸ್ ಕೂದಲೆಳೆಯಷ್ಟು ಜರುಗುತ್ತದೆ, ಹನಿಯ ರಾಶಿ ಕರಗುತ್ತಾ ಬರುತ್ತದೆ. ತೆಳ್ಳಗಿನ ದಾರ, ಚೂಪಾದ ಮೂಲೆ, ಎರಡು-ಮೂರು ಸೆಲ್ ಅಗಲದ ಹನಿ ಇದ್ದಲ್ಲಿ ಇದು ಕಣ್ಣಿಗೇ ಕಾಣುವಷ್ಟು. ತುಂತುರು ಲೆಕ್ಕ ಮಾಡುವವರಿಗೆ ಬರಿಯ ಲೆವೆಲ್ ಸೆಟ್ ಆಗಿಬರುವುದಿಲ್ಲ.

ಎರಡನ್ನೂ ಜೋಡಿಸಿದರೆ? ಸಸ್ಮನ್ ಮತ್ತು ಪಕೆಟ್ 2000ದಲ್ಲಿ ಅದನ್ನೇ ಮಾಡಿದರು: ರಾಶಿಯ ಲೆಕ್ಕಕ್ಕೆ ವಿಒಎಫ್, ವಕ್ರತೆಯ ಲೆಕ್ಕಕ್ಕೆ ಲೆವೆಲ್ ಸೆಟ್. ಸಿಎಲ್‌ಎಸ್‌ವಿಒಎಫ್ ಎಂಬ ಉದ್ದ ಹೆಸರಿನ ಈ ಜೋಡಿ ಚೆನ್ನಾಗಿಯೇ ನಡೆಯುತ್ತದೆ, ಫ್ಲೂಯೆಂಟ್‌ನಲ್ಲೂ ಇದರ ಒಂದು ರೂಪ ಸಿಗುತ್ತದೆ. ಎರಡು ಸಾಮಾನು ಸಂಭಾಳಿಸುವ ರಗಳೆ ಇದ್ದೇ ಇದೆ. ಹಳೆಯ ರೀತಿಯ ವಕ್ರತೆಯುಳ್ಳ ವಿಒಎಫ್ ಮಾತ್ರ ಕೈಯಲ್ಲಿದ್ದರೆ ಇದು ನಿಜವಾದ ಸುಧಾರಣೆ. ಎತ್ತರದ ಲೆಕ್ಕದ ವಿಒಎಫ್ ನಿಮ್ಮ ಬಳಿ ಇದ್ದರೆ (ಅದು ಏನೆಂದು ಮುಂದೆ ಬರುತ್ತದೆ) ಈ ಜೋಡಿಯಿಂದ ಹೆಚ್ಚಿನ ಲಾಭವಿಲ್ಲ.

ಫ್ರಂಟ್ ಟ್ರ್ಯಾಕಿಂಗ್: ಹೇಳದೆ ಒಂದಾಗದ ಗುಳ್ಳೆಗಳು

ಉನ್ವರ್ದಿ ಮತ್ತು ಟ್ರಿಗ್ವಾಸನ್, 1992. ಇಂಟರ್‌ಫೇಸಿನ ಮೇಲೆ ಬಿಂದುಗಳನ್ನಿಟ್ಟು ತ್ರಿಕೋನಗಳಿಂದ ಹೊಲಿದು, ಆ ಜಾಲವನ್ನು ಹರಿವಿನೊಂದಿಗೆ ಸಾಗಿಸುತ್ತಾರೆ. ಮೇಲ್ಮೈ ಎಲ್ಲಿದೆ ಎಂಬುದರಲ್ಲಿ ಊಹೆಯೇ ಇಲ್ಲದ್ದರಿಂದ ಎಳೆತದ ಬಲ ಬಲು ನಿಖರ. ಬೆಲೆ: ಜಾಲ ಹಿಗ್ಗಿದಲ್ಲಿ ಬಿಂದು ಸೇರಿಸಬೇಕು, ಕುಗ್ಗಿದಲ್ಲಿ ತೆಗೆಯಬೇಕು, ಹನಿ ಒಡೆದರೆ ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ನೀವೇ ಬರೆಯಬೇಕು. ಮೂರು ಆಯಾಮದಲ್ಲಿ, ಸಾವಿರ ಪ್ರೊಸೆಸರ್‌ಗಳ ಮೇಲೆ, ಇದು ತಲೆನೋವು.

ಆದರೂ ಇದನ್ನು ಬದಿಗೆ ತಳ್ಳುವಂತಿಲ್ಲ. ವಿಒಎಫ್ ಮತ್ತು ಲೆವೆಲ್ ಸೆಟ್‌ನಲ್ಲಿ ಎರಡು ಗುಳ್ಳೆಗಳ ನಡುವಿನ ಅಂತರ ಒಂದು ಸೆಲ್‌ಗಿಂತ ಕಡಿಮೆಯಾದ ಕೂಡಲೇ ಅವು ತಾವಾಗಿಯೇ ಒಂದಾಗಿಬಿಡುತ್ತವೆ. ನಿಜದಲ್ಲಿ ನಡುವಿನ ತೆಳುಪದರ ನೂರು ನ್ಯಾನೊಮೀಟರ್‌ನಷ್ಟೋ ಅದಕ್ಕೂ ಕಡಿಮೆಯೋ ಆಗುವವರೆಗೆ ಸೋರಿ, ಆಮೇಲೆ ಒಡೆಯಬೇಕು. ನಿಮ್ಮ ಸೆಲ್ 50 ಮೈಕ್ರೋಮೀಟರ್ ಆಗಿದ್ದರೆ, ಗುಳ್ಳೆಗಳು ಒಂದಾಗುವ ಗಳಿಗೆಯನ್ನು ನಿರ್ಧರಿಸಿದ್ದು ಭೌತವಿಜ್ಞಾನವಲ್ಲ, ನಿಮ್ಮ ಮೆಶ್. ಸಾಬೂನಿನಂಥ ವಸ್ತು ಸೇರಿ ಗುಳ್ಳೆಗಳು ಒಂದಾಗದೆ ನೂರಾರು ಒಟ್ಟಿಗೆ ಏಳುವ ಕಾಲಂ ನಿಮ್ಮ ವಿಷಯವಾದರೆ ಫ್ರಂಟ್ ಟ್ರ್ಯಾಕಿಂಗ್‌ಗೆ ಸಾಟಿ ಇಲ್ಲ. ಹೇಳದೆ ಅವು ಒಂದಾಗುವುದೇ ಇಲ್ಲ.

ಫೇಸ್ ಫೀಲ್ಡ್, ಲ್ಯಾಟಿಸ್ ಬೋಲ್ಟ್‌ಜ್‌ಮನ್, ಎಸ್‌ಪಿಎಚ್

ಇಂಟರ್‌ಫೇಸ್ ಗೆರೆಯಲ್ಲ, ಸ್ವಲ್ಪ ದಪ್ಪವುಳ್ಳ ಪದರ ಎಂದು ನೋಡುವ ದೃಷ್ಟಿ ವಾನ್ ಡರ್ ವಾಲ್ಸ್ ಕಾಲದ್ದು. ಕಾನ್ ಮತ್ತು ಹಿಲಿಯರ್ಡ್ 1958ರಲ್ಲಿ ಅದಕ್ಕೊಂದು ಶಕ್ತಿಯ ಸೂತ್ರ ಕೊಟ್ಟರು. ಫೇಸ್ ಫೀಲ್ಡ್ ವಿಧಾನದಲ್ಲಿ ಮೇಲ್ಮೈ ಎಳೆತ ಆ ಶಕ್ತಿಯಿಂದಲೇ ಹುಟ್ಟುತ್ತದೆ, ವಕ್ರತೆ ಬೇರೆಯಾಗಿ ಹುಡುಕಬೇಕಿಲ್ಲ. ಇದರ ನಿಜವಾದ ಗೆಲುವು ಗೋಡೆಯ ಮೇಲೆ. ಹನಿ ಗಾಜಿನ ಮೇಲೆ ಸರಿಯುವಾಗ ಗೋಡೆಗೆ ಅಂಟಿದ ದ್ರವ ಚಲಿಸಬಾರದು ಎಂಬ ನಿಯಮವೂ, ಹನಿ, ಗಾಳಿ, ಗೋಡೆ ಮೂರೂ ಸೇರುವ ಸಂಪರ್ಕರೇಖೆ ಚಲಿಸಲೇಬೇಕು ಎಂಬ ಕಣ್ಣೆದುರಿನ ಸತ್ಯವೂ ಡಿಕ್ಕಿ ಹೊಡೆಯುತ್ತವೆ. ಹೂ ಮತ್ತು ಸ್ಕ್ರಿವೆನ್ 1971ರಲ್ಲೇ ತೋರಿಸಿದಂತೆ ಲೆಕ್ಕದಲ್ಲಿ ಬಲ ಅನಂತವಾಗುತ್ತದೆ. ಫೇಸ್ ಫೀಲ್ಡ್‌ನಲ್ಲಿ ಪದರದೊಳಗಿನ ವಿಸರಣೆ ರೇಖೆಯನ್ನು ಮುಂದೆ ಸರಿಸುವುದರಿಂದ ಈ ಬಿಕ್ಕಟ್ಟು ಬರುವುದಿಲ್ಲ. ವಿಒಎಫ್‌ನಲ್ಲೂ ರೇಖೆ ಸರಿಯುತ್ತದೆ ನಿಜ, ಆದರೆ ಅರ್ಧ ಸೆಲ್‌ನಷ್ಟು ಜಾರುವಿಕೆ ಗುಟ್ಟಾಗಿ ಒಳಬಂದಿರುವುದರಿಂದ. ಮೆಶ್ ಬದಲಿಸಿದರೆ ಹನಿ ಹರಡುವ ವೇಗವೂ ಬದಲಾಗುತ್ತದೆ. ಇದನ್ನು ತಡೆಯಲು ಜಾರುವ ಉದ್ದವನ್ನು ನೀವೇ ನಮೂದಿಸಬೇಕು, ಅಥವಾ ವೇಗದೊಂದಿಗೆ ಬದಲಾಗುವ ಸಂಪರ್ಕಕೋನವನ್ನು (ಹನಿಯ ಅಂಚು ಗೋಡೆಯೊಂದಿಗೆ ಮಾಡುವ ಕೋನ) ಕಾಕ್ಸ್-ವೊಯಿನೊವ್ ಸೂತ್ರದಂಥದ್ದರಿಂದ ಕೊಡಬೇಕು. ಒಂದೇ ಸ್ಥಿರ ಕೋನ ತುಂಬಿಸಿ ಓಡಿಸಿದ ಲೆಕ್ಕಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಫೇಸ್ ಫೀಲ್ಡ್‌ನ ಕಷ್ಟ ಅದರ ದಪ್ಪದಲ್ಲೇ ಇದೆ. ನಿಜವಾದ ಪದರ ನ್ಯಾನೊಮೀಟರ್ ಮಟ್ಟದ್ದು. ಲೆಕ್ಕದಲ್ಲಿ ಅದನ್ನು ಹಲವು ಸೆಲ್‌ಗಳಷ್ಟು ಉಬ್ಬಿಸಲೇಬೇಕು. ಜೊತೆಗೆ ಮೊಬಿಲಿಟಿ (ಪದರದೊಳಗಿನ ವಿಸರಣೆ ಎಷ್ಟು ಬೇಗ ಎಂಬುದು) ಎಂಬ ಇನ್ನೊಂದು ಗುಂಡಿ ತಿರುಗಿಸಬೇಕು, ಅದಕ್ಕೆ ಅಳತೆಯ ಆಧಾರ ಸಿಗುವುದು ಕಷ್ಟ. ಒಟ್ಟು ರಾಶಿ ಉಳಿದರೂ ಸಣ್ಣ ಹನಿ ತಾನಾಗಿಯೇ ಕುಗ್ಗುತ್ತದೆ. ಒಂದು ಮಿತಿಗಿಂತ ಚಿಕ್ಕದಾದರೆ ಪೂರ್ತಿ ಮಾಯವಾಗುತ್ತದೆ ಎಂದು ಯುಯೆ, ಝೌ, ಫೆಂಗ್ 2007ರಲ್ಲಿ ತೋರಿಸಿದ್ದಾರೆ. ಕಾಮ್‌ಸೋಲ್ ಸಾಫ್ಟ್‌ವೇರ್ ಬಳಸುವವರಿಗೆ ಲೆವೆಲ್ ಸೆಟ್, ಫೇಸ್ ಫೀಲ್ಡ್ ಎರಡೂ ಪಕ್ಕಪಕ್ಕದಲ್ಲೇ ಇವೆ. ಸಂಪರ್ಕಕೋನ ಮುಖ್ಯವಾದರೆ ಎರಡನೆಯದನ್ನು ಆರಿಸಿ.

ಲ್ಯಾಟಿಸ್ ಬೋಲ್ಟ್‌ಜ್‌ಮನ್ ವಿಧಾನ ದ್ರವವನ್ನು ಜಾಲದ ಮೇಲೆ ಓಡಾಡುವ ಕಣಗಳ ಗುಂಪಾಗಿ ನೋಡುತ್ತದೆ. ಬಂಡೆಯ ರಂಧ್ರಗಳಂಥ ಅಂಕುಡೊಂಕು ಜಾಗದಲ್ಲಿ ಎಣ್ಣೆ-ನೀರು ನುಗ್ಗುವುದಕ್ಕೆ ಹೇಳಿ ಮಾಡಿಸಿದ್ದು. ಸ್ಕ್ಯಾನ್ ಚಿತ್ರವನ್ನೇ ಮೆಶ್ ಮಾಡಿಕೊಳ್ಳಬಹುದು, ಜಿಪಿಯು ಮೇಲೆ ಹಾರುತ್ತದೆ. ಆದರೆ 1993ರ ಶಾನ್-ಚೆನ್ ಮಾದರಿಯಲ್ಲಿ ಮೇಲ್ಮೈ ಎಳೆತ ನೀವು ತುಂಬಿಸುವ ಅಂಕಿಯಲ್ಲ. ಕಣಗಳ ಆಕರ್ಷಣೆಯ ಅಂಕಿ ತುಂಬಿಸಿ, ಬೇರೆ ಬೇರೆ ಗಾತ್ರದ ಹನಿಗಳನ್ನು ನಿಲ್ಲಿಸಿ, ಒಳಗಿನ ಹೆಚ್ಚುವರಿ ಒತ್ತಡ ಅಳೆದು, ಎಳೆತ ಎಷ್ಟು ಬಂತು ಎಂದು ಆಮೇಲೆ ತಿಳಿದುಕೊಳ್ಳಬೇಕು. ಮೂಲ ರೂಪದಲ್ಲಿ ನೀರು-ಗಾಳಿಯಷ್ಟು ಸಾಂದ್ರತೆಯ ಅಂತರವನ್ನೂ, ಅಂದರೆ ಸುಮಾರು 830 ಪಟ್ಟನ್ನು, ಅದು ತಾಳುವುದಿಲ್ಲ. ಎಣ್ಣೆ-ನೀರಿಗೆ ಕಲರ್ ಗ್ರೇಡಿಯೆಂಟ್ ಮಾದರಿ ಹೆಚ್ಚು ಅನುಕೂಲ, ಅದರಲ್ಲಿ ಎಳೆತವನ್ನು ನೇರವಾಗಿ ಕೊಡಬಹುದು.

ಎಸ್‌ಪಿಎಚ್‌ನಲ್ಲಿ ಮೆಶ್ ಇಲ್ಲ, ಕಣಗಳೇ ದ್ರವ. ಚಿಮ್ಮುವ ನೀರಿಗೆ ಚಂದ. ಮೇಲ್ಮೈ ಎಳೆತವೇ ಕಥಾನಾಯಕನಾದ ಸಮಸ್ಯೆಗೆ ನಾನು ಶಿಫಾರಸು ಮಾಡುವುದಿಲ್ಲ.

ವಕ್ರತೆ: ನಿಜವಾದ ಆಯ್ಕೆ ಇಲ್ಲಿದೆ

1992ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಬ್ರ್ಯಾಕ್‌ಬಿಲ್, ಕೋಥೆ, ಜೆಮಾಕ್ ಮೇಲ್ಮೈಯ ಮೇಲಿನ ಬಲವನ್ನು ಇಂಟರ್‌ಫೇಸ್ ಇರುವ ಸೆಲ್‌ಗಳಲ್ಲಿ ಹರಡಿದ ಬಲವಾಗಿ ಬರೆಯುವ ಉಪಾಯ ಕೊಟ್ಟರು. ಸಿಎಸ್‌ಎಫ್ ಎಂಬ ಈ ಮಾದರಿ ಇಂದು ಹೆಚ್ಚುಕಡಿಮೆ ಎಲ್ಲ ಕೋಡ್‌ಗಳಲ್ಲೂ ಇದೆ. ಎಳೆತ ಗುಣಿಸು ವಕ್ರತೆ ಗುಣಿಸು ಪಾಲಿನ ಅಂಕಿಯ ಇಳಿಜಾರು, ಅಷ್ಟೇ. ಉಪಾಯ ಜಾಣತನದ್ದು, ತಪ್ಪಾಗುವುದು ಅದನ್ನು ಕೋಡ್‌ಗಿಳಿಸುವಾಗ. ಎರಡು ಜಾಗಗಳಲ್ಲಿ.

ಮೊದಲನೆಯದು ತೂಕ. ನಿಂತ ಹನಿಯಲ್ಲಿ ಎಳೆತದ ಬಲ ಮತ್ತು ಒತ್ತಡದ ಇಳಿಜಾರು ಒಂದನ್ನೊಂದು ಪೂರ್ತಿ ಹೊಡೆದುಹಾಕಬೇಕು. ಒತ್ತಡದ ಇಳಿಜಾರನ್ನು ಸೆಲ್‌ನ ಮುಖದ ಮೇಲೆ ಲೆಕ್ಕ ಹಾಕಿ, ಎಳೆತವನ್ನು ಸೆಲ್‌ನ ನಡುವಿನಲ್ಲಿ ಲೆಕ್ಕ ಹಾಕಿದರೆ ಅವು ಎಂದಿಗೂ ಸರಿಹೊಂದುವುದಿಲ್ಲ. ಉಳಿದ ಚೂರೇ ಹುಸಿ ಹರಿವಾಗಿ ಓಡುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಸೂತ್ರದಿಂದ ಮಾಡಿದರೆ, ವಕ್ರತೆ ಸರಿಯಿದ್ದ ಪಕ್ಷದಲ್ಲಿ, ಉಳಿಕೆ ಸೊನ್ನೆ. ಫ್ರಾಂಸ್ವಾ ಮತ್ತು ಸಂಗಡಿಗರು 2006ರಲ್ಲಿ ಬ್ಯಾಲೆನ್ಸ್ಡ್ ಫೋರ್ಸ್ ಎಂಬ ಹೆಸರಿನಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಕೋಡ್‌ನ ಕೈಪಿಡಿಯಲ್ಲಿ ಮೊದಲು ಹುಡುಕಬೇಕಾದ ಮಾತು ಇದು.

ಎರಡನೆಯದು ವಕ್ರತೆಯೇ. ಪಾಲಿನ ಅಂಕಿಯಿಂದ ನೇರವಾಗಿ ವ್ಯುತ್ಪನ್ನ ತೆಗೆದು ಮಾಡಿದ ವಕ್ರತೆಗೆ ಒಂದು ಕೆಟ್ಟ ಗುಣವಿದೆ: ಮೆಶ್ ಸಣ್ಣ ಮಾಡಿದರೂ ತಪ್ಪು ಕಡಿಮೆಯಾಗುವುದಿಲ್ಲ. ಕಂಪ್ಯೂಟರ್ ಸಮಯ ಎಷ್ಟು ಸುರಿದರೂ ಪ್ರಯೋಜನವಿಲ್ಲ ಎಂದಾಯಿತು. ಬದಲಿಗೆ ಎತ್ತರದ ಲೆಕ್ಕ, ಲ್ಯಾಬ್ ಭಾಷೆಯಲ್ಲಿ ಹೈಟ್ ಫಂಕ್ಷನ್, ಬಳಸಬಹುದು: ಇಂಟರ್‌ಫೇಸಿಗೆ ಹೆಚ್ಚುಕಡಿಮೆ ಲಂಬವಾಗಿ ನಿಂತ ಸೆಲ್‌ಗಳ ಕಂಬದಲ್ಲಿ ಪಾಲುಗಳನ್ನು ಕೂಡಿದರೆ ದ್ರವದ ಎತ್ತರ ಸಿಗುತ್ತದೆ. ಅಕ್ಕಪಕ್ಕದ ಕಂಬಗಳ ಎತ್ತರಗಳಿಂದ ವಕ್ರತೆ ತೆಗೆದರೆ, ಮೆಶ್ ಅರ್ಧ ಮಾಡಿದಾಗ ತಪ್ಪು ಕಾಲುಭಾಗಕ್ಕಿಳಿಯುತ್ತದೆ. ಪೊಪಿನೆ 2009ರಲ್ಲಿ ಗೆರಿಸ್ ಕೋಡ್‌ನಲ್ಲಿ ಎರಡನ್ನೂ ಸೇರಿಸಿ ಒಂದು ಮುಖ್ಯ ಸಂಗತಿ ತೋರಿಸಿದರು: ಹನಿಯ ವ್ಯಾಸದ ವರ್ಗವನ್ನು ಚಲನಸ್ನಿಗ್ಧತೆಯಿಂದ (ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು) ಭಾಗಿಸಿದಷ್ಟು ಹೊತ್ತು ಕಾದರೆ ಹುಸಿ ಹರಿವು ಕಂಪ್ಯೂಟರಿನ ದಶಮಾಂಶ ಮಿತಿಯವರೆಗೂ ಇಳಿದು ಸತ್ತೇಹೋಗುತ್ತದೆ. ಒಂದು ಮಿಲಿಮೀಟರಿನ ನೀರಿನ ಹನಿಗೆ ಆ ಹೊತ್ತು ಒಂದು ಸೆಕೆಂಡು.

ಎತ್ತರದ ಲೆಕ್ಕಕ್ಕೂ ಮಿತಿ ಇದೆ. ಹನಿಯ ತ್ರಿಜ್ಯದಲ್ಲಿ ಐದಾರು ಸೆಲ್‌ಗಳಾದರೂ ಇರಬೇಕು. ಕಡಿಮೆಯಾದರೆ ಕಂಬಗಳು ಹೊಂದುವುದಿಲ್ಲ, ಕೋಡ್ ಪ್ಯಾರಬೋಲಾ ಹೊಂದಿಸುವಂಥ ಬದಲಿ ದಾರಿ ಹಿಡಿಯುತ್ತದೆ. ಸಾಲುಸಾಲು ಚೌಕಗಳ ಮೆಶ್ ಬೇಕು. ಎಂಜಿನ್ ನಾಜಲ್‌ನಂಥ ಜಟಿಲ ಆಕಾರಕ್ಕೆ ತ್ರಿಕೋನ-ಚತುರ್ಮುಖಿಗಳ ಮೆಶ್ ಹಾಕಿಕೊಂಡವರಿಗೆ ಇದು ಕೈಗೆಟುಕುವುದಿಲ್ಲ. ಅವರು ಓಪನ್‌ಫೋಮ್‌ನಲ್ಲೇ ಉಳಿದು, ವಕ್ರತೆ ತೆಗೆಯುವ ಮುನ್ನ ಪಾಲಿನ ಅಂಕಿಯನ್ನು ನುಣುಪು ಮಾಡುವುದು, ಇಲ್ಲವೇ ಕಟ್ಟಿದ ತುಂಡುಗಳಿಂದ ದೂರ ಅಳೆದು ಅದರಿಂದ ವಕ್ರತೆ ತೆಗೆಯುವುದು, ಇಂಥವನ್ನು ನೋಡಬೇಕು.

ಲೆವೆಲ್ ಸೆಟ್ ಕಡೆಯವರಿಗೆ ಘೋಸ್ಟ್ ಫ್ಲೂಯಿಡ್ ಇದೆ. ಒತ್ತಡದ ಜಿಗಿತವನ್ನು ಹರಡದೆ ಇಂಟರ್‌ಫೇಸಿನಲ್ಲೇ ಚೂಪಾಗಿ ಹೇರುತ್ತಾರೆ, ತೂಕದ ಸಮಸ್ಯೆ ಅಲ್ಲಿ ತಾನಾಗಿಯೇ ಬಗೆಹರಿಯುತ್ತದೆ. ಇನ್ನು ಬಿಸಿಯಿಂದ ಮೇಲ್ಮೈ ಎಳೆತ ಜಾಗದಿಂದ ಜಾಗಕ್ಕೆ ಬದಲಾಗುವ ಮಾರಂಗೋನಿ ಹರಿವು ನಿಮ್ಮದಾದರೆ, ಉದಾಹರಣೆಗೆ ಲೇಸರ್ ವೆಲ್ಡಿಂಗ್‌ನ ಕರಗಿದ ಲೋಹ, ಎಳೆತವನ್ನು ಒತ್ತುಬಲದ ರೂಪದಲ್ಲಿ ಬರೆಯುವ ಸಿಎಸ್‌ಎಸ್ ಅನುಕೂಲ. ಮೇಲ್ಮೈಯುದ್ದಕ್ಕೂ ಎಳೆಯುವ ಬಲ ಅದರಲ್ಲೇ ಅಡಕವಾಗಿ ಬರುತ್ತದೆ.

ಸಮಯದ ಬಿಲ್

ವಿಧಾನ ಯಾವುದೇ ಇರಲಿ, ಎಳೆತವನ್ನು ಎಕ್ಸ್‌ಪ್ಲಿಸಿಟ್ ಆಗಿ, ಅಂದರೆ ಹಿಂದಿನ ಹೆಜ್ಜೆಯ ಆಕಾರದಿಂದಲೇ, ಲೆಕ್ಕ ಹಾಕಿದರೆ ಟೈಮ್ ಸ್ಟೆಪ್‌ಗೆ ಒಂದು ಲಗಾಮು ಬೀಳುತ್ತದೆ: ಮೆಶ್‌ನ ಮೇಲೆ ಸಾಧ್ಯವಿರುವ ಅತಿ ಪುಟ್ಟ ಕ್ಯಾಪಿಲರಿ ಅಲೆ ಒಂದು ಸ್ಟೆಪ್‌ನಲ್ಲಿ ಒಂದು ಸೆಲ್ ದಾಟಬಾರದು. ನೀರು-ಗಾಳಿಗೆ ಸೆಲ್ 100 ಮೈಕ್ರೋಮೀಟರ್ ಆದರೆ ಸ್ಟೆಪ್ ಸುಮಾರು 33 ಮೈಕ್ರೋಸೆಕೆಂಡ್. 10 ಮೈಕ್ರೋಮೀಟರ್ ಆದರೆ ಸುಮಾರು 1 ಮೈಕ್ರೋಸೆಕೆಂಡ್. 1 ಮೈಕ್ರೋಮೀಟರ್ ಆದರೆ 33 ನ್ಯಾನೊಸೆಕೆಂಡ್. ಸೆಲ್ ಅರ್ಧಕ್ಕಿಳಿದರೆ ಮೂರು ಆಯಾಮದಲ್ಲಿ ಸೆಲ್‌ಗಳು 8 ಪಟ್ಟು, ಸ್ಟೆಪ್‌ಗಳು 2.8 ಪಟ್ಟು, ಒಟ್ಟು ಕೆಲಸ ಸುಮಾರು 23 ಪಟ್ಟು. ರಾತ್ರಿಯೊಂದರಲ್ಲಿ ಮುಗಿಯುತ್ತಿದ್ದ ರನ್ ಹತ್ತು ದಿನದ ಆಸುಪಾಸಿಗೆ ಹೋಗುತ್ತದೆ. ನಿಧಾನದ ಸೂಕ್ಷ್ಮನಾಳದ ಹರಿವಿನಲ್ಲಿ ಹನಿ ಒಂದು ಸೆಲ್ ದಾಟುವಷ್ಟರಲ್ಲಿ ಸಾವಿರಗಟ್ಟಲೆ ಸ್ಟೆಪ್ ಆಗಿರುತ್ತವೆ. ಹೀಗಾಗಿ ಇಂಟರ್‌ಫೇಸಿನ ಬಳಿ ಮಾತ್ರ ಸೆಲ್ ಸಣ್ಣದು ಮಾಡುವ ಅಡಾಪ್ಟಿವ್ ಮೆಶ್ ಇಲ್ಲಿ ಶೋಕಿಯಲ್ಲ. ಬೆಸಿಲಿಸ್ಕ್‌ನತ್ತ ಜನ ಹೋಗುವುದಕ್ಕೆ ಅರ್ಧ ಕಾರಣ ಇದೇ.

ಹಾಗಾದರೆ ನಿಮಗೆ ಯಾವುದು?

ಒಂಟಿ ಗುಳ್ಳೆ ಏಳುವುದು, ಹನಿ ಬಡಿದು ಚಿಮ್ಮುವುದು, ಜೆಟ್ ಹನಿಗಳಾಗಿ ಒಡೆಯುವುದು: ಬೆಸಿಲಿಸ್ಕ್, ಅಂದರೆ ರೇಖಾಗಣಿತದ ವಿಒಎಫ್, ಎತ್ತರದ ಲೆಕ್ಕ, ಅಡಾಪ್ಟಿವ್ ಮೆಶ್. ಮನೋಜ್ ತ್ರಿಪಾಠಿ, ಕೀರ್ತಿ ಸಾಹು ಮತ್ತು ರಮಾ ಗೋವಿಂದರಾಜನ್ 2015ರಲ್ಲಿ ಏಳುವ ಗುಳ್ಳೆ ಯಾವಾಗ ನೇರ ಹೋಗುತ್ತದೆ, ಯಾವಾಗ ವಾಲಾಡುತ್ತದೆ, ಯಾವಾಗ ಒಡೆಯುತ್ತದೆ ಎಂಬ ನಕ್ಷೆಯನ್ನು ಮೂರು ಆಯಾಮದ ಲೆಕ್ಕಗಳಿಂದ ಬಿಡಿಸಿದ್ದು ಗೆರಿಸ್ ಬಳಸಿ. ಬೆಂಗಳೂರಿನ ಐಸಿಟಿಎಸ್, ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಗಳ ಕಡೆ ಓಡಾಡುವ ವಿದ್ಯಾರ್ಥಿಗಳಿಗೆ ಈ ಪರಂಪರೆಯವರು ಸುಲಭವಾಗಿ ಸಿಗುತ್ತಾರೆ, ಅದೂ ಒಂದು ಲೆಕ್ಕವೇ. ಕೋಡ್ ಆರಿಸುವಾಗ ಪಕ್ಕದ ಕುರ್ಚಿಯಲ್ಲಿ ಅದನ್ನು ಬಲ್ಲವರಿದ್ದಾರೆಯೇ ಎಂಬುದು ಸಣ್ಣ ವಿಷಯವಲ್ಲ.

ಜಟಿಲ ಜ್ಯಾಮಿತಿ, ವೇಗದ ಹರಿವು, ವೀಬರ್ ಸಂಖ್ಯೆ (ಮೇಲ್ಮೈ ಎಳೆತಕ್ಕೆ ಹೋಲಿಸಿದರೆ ಜಡತ್ವ ಎಷ್ಟು ಪಟ್ಟು ಎಂಬುದು) ನೂರಕ್ಕೂ ಮೇಲೆ: ಓಪನ್‌ಫೋಮ್ ಅಥವಾ ಫ್ಲೂಯೆಂಟ್ ಸಾಕು. ಅಲ್ಲಿ ಹುಸಿ ಹರಿವು ನಿಜದ ಹರಿವಿನ ಮುಂದೆ ಮುಳುಗಿಹೋಗುತ್ತದೆ. ನಿಧಾನದ ಹರಿವು, ಸೂಕ್ಷ್ಮನಾಳ, ಒದ್ದೆಯಾಗುವ ಗೋಡೆ: ಫೇಸ್ ಫೀಲ್ಡ್. ಬಂಡೆಯ ರಂಧ್ರ: ಲ್ಯಾಟಿಸ್ ಬೋಲ್ಟ್‌ಜ್‌ಮನ್. ಒಂದಾಗದ ಗುಳ್ಳೆಗಳ ಹಿಂಡು: ಫ್ರಂಟ್ ಟ್ರ್ಯಾಕಿಂಗ್. ಇಂಟರ್‌ಫೋಮ್‌ನಲ್ಲಿ ನೀರು-ಗಾಳಿಯ ನಿಧಾನದ ಸೂಕ್ಷ್ಮಹನಿ ಲೆಕ್ಕ ಮಾಡುವುದು ಮಾತ್ರ ಬೇಡ. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಈ ಜೋಡಿಗೆ ಕೈಹಾಕುವವರೇ ಹೆಚ್ಚು.

ನಂಬುವ ಮುನ್ನ

ಸೀಳಿರುವ ತಟ್ಟೆಯೊಂದನ್ನು ಒಂದು ಸುತ್ತು ತಿರುಗಿಸಿ ಆಕಾರ ಉಳಿಯಿತೇ ಎಂದು ನೋಡುವ 1979ರ ಜಲೆಸಕ್ ಪರೀಕ್ಷೆಯ ಚಿತ್ರಗಳು ಕೋಡ್‌ಗಳ ಪ್ರಚಾರದಲ್ಲಿ ತಪ್ಪದೆ ಇರುತ್ತವೆ. ಸಾಗಣೆ ಸರಿಯಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಮೇಲ್ಮೈ ಎಳೆತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಿಂತ ಹನಿಯಿಂದ ಶುರು ಮಾಡಿ. ನಿಮ್ಮದೇ ದ್ರವದ ಗುಣಗಳು, ನಿಮ್ಮದೇ ಮೆಶ್ ಗಾತ್ರ. ಒಂದು ಮಿಲಿಮೀಟರ್ ತ್ರಿಜ್ಯದ ನೀರಿನ ಹನಿಯಲ್ಲಿ ಹೆಚ್ಚುವರಿ ಒತ್ತಡ 144 ಪ್ಯಾಸ್ಕಲ್ ಬರಬೇಕು. ಎರಡು ಆಯಾಮದಲ್ಲಿ ಅರ್ಧ, 72. ಅದರ ಜೊತೆ ಅತಿ ಹೆಚ್ಚಿನ ವೇಗವನ್ನೂ ಬರೆದಿಟ್ಟುಕೊಂಡು ನಿಮ್ಮ ನಿಜದ ಸಮಸ್ಯೆಯ ವೇಗದ ಪಕ್ಕ ಇಟ್ಟು ನೋಡಿ. ಆಮೇಲೆ ಅದೇ ಹನಿಯನ್ನು ಸಮವೇಗದ ಹರಿವಿನಲ್ಲಿ ತೇಲಿಬಿಡಿ. ನಿಂತಾಗ ಪಾಸಾದ ಕೋಡ್ ಇಲ್ಲಿ ತಡವರಿಸುವುದುಂಟು, ಹನಿ ಸೆಲ್‌ನಿಂದ ಸೆಲ್‌ಗೆ ದಾಟುವಾಗಲೆಲ್ಲ ವಕ್ರತೆಯ ತಪ್ಪು ಹೊಸದಾಗಿ ಹುಟ್ಟುತ್ತದೆ. ಮೂರನೆಯದಾಗಿ ಹನಿಯನ್ನು ಕೊಂಚ ಉದ್ದಕ್ಕೆಳೆದು ಬಿಡಿ. ರೇಲೆ ಸೂತ್ರದಂತೆ ಒಂದು ಮಿಲಿಮೀಟರ್ ತ್ರಿಜ್ಯದ ನೀರಿನ ಹನಿ ಸೆಕೆಂಡಿಗೆ ಸುಮಾರು 121 ಸಲ ಮಿಡಿಯಬೇಕು. ಮಿಡಿತ ನಿಮ್ಮ ಲೆಕ್ಕದಲ್ಲಿ ಬೇಗನೆ ಆರಿಹೋದರೆ ಮೆಶ್ ತನ್ನದೇ ಸ್ನಿಗ್ಧತೆ ಸೇರಿಸುತ್ತಿದೆ.

ಕೊನೆಗೆ ಹೈಸಿಂಗ್ ಮತ್ತು ಸಂಗಡಿಗರ 2009ರ ಏಳುವ ಗುಳ್ಳೆಯ ಪರೀಕ್ಷೆ. ಎರಡು ಆಯಾಮ, 1 ಅಗಲ 2 ಎತ್ತರದ ಪೆಟ್ಟಿಗೆ, 0.25 ತ್ರಿಜ್ಯದ ಗುಳ್ಳೆ. ಮೊದಲ ಪ್ರಕರಣದಲ್ಲಿ ಸಾಂದ್ರತೆ 1000 ಮತ್ತು 100, ಸ್ನಿಗ್ಧತೆ 10 ಮತ್ತು 1, ಗುರುತ್ವ 0.98, ಎಳೆತ 24.5. ಗುಳ್ಳೆಯ ಗರಿಷ್ಠ ವೇಗ 0.2417, ಮೂರು ಸೆಕೆಂಡಿಗೆ ಅದರ ಕೇಂದ್ರ 1.081 ಎತ್ತರದಲ್ಲಿ, ಇವು ಬರದಿದ್ದರೆ ಮುಂದೆ ಹೋಗಬೇಡಿ. ಎರಡನೆಯ ಪ್ರಕರಣದಲ್ಲಿ ಸಾಂದ್ರತೆಯ ಅಂತರ 1000 ಪಟ್ಟು, ಎಳೆತ ಬರಿಯ 1.96. ಗುಳ್ಳೆಯ ಅಂಚುಗಳು ತೆಳ್ಳಗಿನ ಬಾಲಗಳಾಗಿ ಇಳಿಯುತ್ತವೆ. ಭಾಗವಹಿಸಿದ ಮೂರು ಕೋಡ್‌ಗಳು ಅಲ್ಲಿಯವರೆಗೆ ಒಪ್ಪಿದವು. ಆಮೇಲೆ ಲೆವೆಲ್ ಸೆಟ್‌ನ ಎರಡೂ ಕೋಡ್‌ಗಳು ಬಾಲ ಕಡಿಯುತ್ತದೆ ಎಂದವು, ಕಡಿಯುವ ಹೊತ್ತು ಮಾತ್ರ ಎರಡರಲ್ಲೂ ಬೇರೆ ಬೇರೆ. ಇಂಟರ್‌ಫೇಸಿನೊಂದಿಗೇ ಮೆಶ್ ಚಲಿಸುವ ಮೂರನೆಯದರಲ್ಲಿ ಕಡಿಯುವ ಏರ್ಪಾಡೇ ಇಲ್ಲದ್ದರಿಂದ ಬಾಲ ಉಳಿದೇ ಉಳಿಯಿತು. ನಿಮ್ಮ ಲೆಕ್ಕದಲ್ಲೂ ಬಾಲ ಕಡಿದ ಮೇಲಿನ ಅಂಕಿಗಳನ್ನು ವರದಿಗೆ ಹಾಕುವುದಾದರೆ ಪಕ್ಕದಲ್ಲೇ ಸೆಲ್ ಗಾತ್ರವನ್ನೂ ಬರೆಯಿರಿ, ಎರಡು ಬೇರೆ ಗಾತ್ರಗಳಲ್ಲಿ ಬಂದ ಉತ್ತರಗಳನ್ನೂ ಕೊಡಿ.